ಗೋಡೆಯಾಚೆಯ ‘ಸ್ಟೋರ್’

ಮಾರ್ಚ್ 9, ಸೋಮವಾರ, ಮಧ್ಯಾಹ್ನ

ಹೊಸ ಆಸ್ಪತ್ರೆಯ ಲೆಕ್ಕ ಮತ್ತೆ ಕೆಂಪು: ಗೋಡೆ ಸಾಲದು. ರೇಡಿಯೇಷನ್ ಕೊಡುವ ಕೋಣೆಗೆ ಗೋಡೆ ಎಷ್ಟು ದಪ್ಪ ಬೇಕೆಂದು ಸಾಫ್ಟ್‌ವೇರ್ ಹೇಳುತ್ತದೆ. ಗೋಡೆಯಾಚೆ ಜನ ಎಷ್ಟು ಹೊತ್ತು ಇರುತ್ತಾರೆಂದು ಮೊದಲು ನಾನು ಹೇಳಬೇಕು. ಹಾಳಾದ ಆರ್ಕಿಟೆಕ್ಟ್ ನಕ್ಷೆಯಲ್ಲಿ ಕೋಣೆಗಳಿಗೆ ಹೆಸರೇ ಬರೆದಿಲ್ಲ.

ಊಟಕ್ಕೆ ಕೂತಾಗ ನಾದಿನಿಯ ಫೋನ್. ಎರಡು ವರ್ಷದ ಹಿಂದೆ ನಾನು ಲೆಕ್ಕ ಮಾಡಿಕೊಟ್ಟ ಆಸ್ಪತ್ರೆಯಲ್ಲೇ ಅವಳು ಗುಮಾಸ್ತೆ.

“ಅತ್ತಿಗೆ, ಎಂಟು ತಿಂಗಳಿಂದ ಒಬ್ಬಳೇ ಒಂದು ರೂಮಲ್ಲಿ ಮಹಾರಾಣಿ ಥರ ಕೂತಿದೀನಿ. ಒಂದ್ಸಲಾನಾದ್ರೂ ನೋಡೋಕೆ ಬಂದ್ರಾ? ಗೋಡೆ ಆಚೆನೇ ನಿಮ್ಮ ಮಶೀನು.”

“ಮಶೀನಿನ ಯಾವ ಕಡೆ ಗೋಡೆನೇ?”

“ಪೂರ್ವದ್ದು. ಯಾಕೆ?”

ತಟ್ಟೆ ಸರಿಸಿ ಎದ್ದೆ.

ಅದೇ ದಿನ, 4 ಗಂಟೆ

ಹಳೆಯ ಫೈಲ್ ತೆಗೆದೆ. ಪೂರ್ವದ ಕೋಣೆಗೂ ಹೆಸರಿರಲಿಲ್ಲ. ಹೆಸರಿಲ್ಲದಿದ್ದರೆ ದಿನವಿಡೀ ಜನ ಇರುತ್ತಾರೆಂದೇ ಹಿಡಿಯಬೇಕು. ಹಿಡಿದರೆ ಕೆಂಪು. ಆಗ ಪಟ್ಟಿಯಲ್ಲಿ ‘ಸ್ಟೋರ್’ ಒತ್ತಿದ್ದೇನೆ — ಸಾಮಾನಿಡುವ ಕೋಣೆ, ಜನ ಇರುವುದು ಇಪ್ಪತ್ತರಲ್ಲಿ ಒಂದು ಪಾಲು ಹೊತ್ತು. ಗೋಡೆ ಒಂದೂವರೆ ಅಡಿ ತೆಳುವಾದರೂ ಹಸಿರು. ನೆಮ್ಮದಿಯಾಗಿ ಮನೆಗೆ ಹೋಗಿದ್ದೆ. ಕಟ್ಟಿದ ಮೇಲೆ ರೇಡಿಯೇಷನ್ ಅಳೆದವರೂ ನನ್ನ ‘ಸ್ಟೋರ್’ ಅನ್ನೇ ನಂಬಿದರು.

ನಾಳೆ ಬೆಳಿಗ್ಗೆ ಸಾಹೇಬರಿಗೆ ಹೇಳಿಬಿಡುತ್ತೇನೆ.

ಮಾರ್ಚ್ 10

ಸಾಹೇಬರು ರಜೆ. ಫೋನ್ ಮಾಡಬಹುದಿತ್ತು...

ಮಾರ್ಚ್ 12

ಮೂರನೇ ಸಲ ಲೆಕ್ಕ ಹಾಕಿದೆ. ಎಲ್ಲಾದರೂ ತಪ್ಪಿದ್ದೇನೋ ಎಂಬ ಆಸೆ. ಇಲ್ಲ. ಅವಳು ಇವತ್ತೂ ಅಲ್ಲೇ ಕೂತಿದ್ದಾಳೆ. ಥೂ, ನಾನೂ ಮನುಷ್ಯಳೇ?

ಮಾರ್ಚ್ 13, ಶುಕ್ರವಾರ

ರೇಡಿಯೇಷನ್ ಅಳೆಯುವ ಮೀಟರ್ ಹಿಡಿದು ನಾದಿನಿಯ ರೂಮಿಗೆ ಹೋದೆ. “ಅಂತೂ ಇಂತೂ ಬಂದ್ರಲ್ಲ!” ಅಂದಳು, ಕುರ್ಚಿ ಒರೆಸಿ ಕೊಟ್ಟಳು. ಆಚೆ ಮಶೀನ್ ಶುರುವಾಯಿತು. ಅಂಕಿ ಏರುತ್ತಲೇ ಹೋಯಿತು.

“ಏಳೇ. ಮೊದಲು ಆಚೆ ಬಾ.”

ಹೊರಗೆ ನಿಲ್ಲಿಸಿಕೊಂಡು ಎಲ್ಲ ಹೇಳಿದೆ.

“ನಂಗೇನಾದ್ರೂ ಆಗುತ್ತಾ ಅತ್ತಿಗೆ?”

“ಆಗೋದು ಕಡಿಮೆ ಕಣೇ. ಆದ್ರೂ ಡಾಕ್ಟರಿಗೆ ತೋರಿಸೋಣ.”

“ನಿಮಗೆ ಯಾವತ್ತು ಗೊತ್ತಾಯ್ತು?”

“ಇವತ್ತು ಬೆಳಿಗ್ಗೆ,” ಅಂದುಬಿಟ್ಟೆ. ತಲೆಯಾಡಿಸಿದಳು, ನಂಬಿದಳು.

ಅದೇ ದಿನ, ಸಂಜೆ

ವರದಿ ತುಂಬುತ್ತಿದ್ದೇನೆ. ಒಂದು ಪ್ರತಿ ಅವಳಿಗೂ ಹೋಗುತ್ತದೆ. ತಪ್ಪು ಯಾರದು — ನನ್ನದು. ಅದು ಸಲೀಸಾಗಿ ಬರೆದೆ. ತಪ್ಪು ಗೊತ್ತಾದ ದಿನ... 13 ಎಂದು ಬರೆದೆ. ಹೊಡೆದು ಹಾಕಿದೆ.

ನಾದಿನಿ ಬಂದಿದ್ದಾಳೆ. ನಡುಮನೆಯಲ್ಲಿ ನನ್ನ ಗಂಡನ ಹತ್ತಿರ ಮಾತು.

“ಗೊತ್ತಾದ ತಕ್ಷಣ ಓಡಿ ಬಂದ್ರು ಕಣೋ ಅಣ್ಣ. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು.”

9 ಎಂದು ಬರೆದೆ. ಕಾಗದ ಹಿಡಿದು ಎದ್ದಿದ್ದೇನೆ. ಅವಳ ಮುಂದೆ ಹೋಗಿ ಇದನ್ನು ನಾನೇ ಓದಿ ಹೇಳುತ್ತೇನೆ.