ಡೇರೆಯಲ್ಲಿ ಪ್ಲಗ್ ಎಲ್ಲಿದೆ, ಸಚಿವರೇ?

ಮಾನ್ಯ ಕಾರಾಗೃಹ ಸಚಿವರೇ,

ಡೇರೆಯಲ್ಲಿ ಪ್ಲಗ್ ಎಲ್ಲಿರುತ್ತದೆ? ತಮ್ಮ ಕಚೇರಿಯಲ್ಲಿ ಫೋನೆತ್ತಿದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಪತ್ರಿಕೆಯ ಮೂಲಕ ತಮ್ಮನ್ನೇ ಕೇಳುತ್ತಿದ್ದೇನೆ. ಜೈಲಿನಿಂದ ಹೊರಬಂದವರು ಕೆಲವು ವಾರ ತಂಗಲೆಂದು ನಮ್ಮೂರಿನ ಬಂದರು ಬೀದಿಯಲ್ಲಿ ಒಂದು ವಸತಿಗೃಹವಿತ್ತು. ತಾವು ಅದರ ಅನುದಾನವನ್ನು ‘ಮರುಪರಿಶೀಲನೆ’ಗೆ ಒಳಪಡಿಸಿದಿರಿ, ಬಾಗಿಲಿಗೆ ಬೀಗ ಬಿತ್ತು. ಒಳಗೆ ಹಾಸಿಗೆಗಳಿವೆ, ಕೆಟಲ್ ಇದೆ, ಕಿಟಕಿಗೆ ಪರದೆಯೂ ಇದೆ. ಮಲಗಬೇಕಾದವರಿಗೆ ಮಾತ್ರ ಜೈಲಿನ ಗೇಟಿನಲ್ಲಿ ಒಂದು ಡೇರೆ ಕೊಟ್ಟು ಶುಭ ಹಾರೈಸಲಾಗುತ್ತಿದೆ.

ಡಡ್ಲಿ ಬೂತ್ ಹಾಗೆ ಡೇರೆ ಪಡೆದವನು. ಅವನು ಸಂತನೆಂದು ನಾನು ವಾದಿಸುತ್ತಿಲ್ಲ. ಕಂಡವರ ಮನೆಗೆ ನುಗ್ಗಿ ಕದ್ದ, ಶಿಕ್ಷೆ ಅನುಭವಿಸಿದ. ಬಿಡುವಾಗ ಅವನ ಕಾಲಿಗೆ ತಾವು ಎಲೆಕ್ಟ್ರಾನಿಕ್ ಟ್ಯಾಗ್ ಬಿಗಿಸಿದಿರಿ. ಅವನು ಎಲ್ಲಿದ್ದಾನೆಂದು ಅದು ಸದಾ ತಮಗೆ ತಿಳಿಸುತ್ತದಂತೆ. ಅದನ್ನು ದಿನವೂ ಚಾರ್ಜ್ ಮಾಡಬೇಕು. ಬ್ಯಾಟರಿ ಸತ್ತರೆ ಷರತ್ತು ಮುರಿದಂತೆ, ಮತ್ತೆ ಜೈಲು. ಅವನು ಫುಟ್‌ಬಾಲ್ ಮೈದಾನದ ಬೇಲಿ ಪಕ್ಕ ಮಳೆಯಲ್ಲಿ ನೆನೆಯುತ್ತಿದ್ದಾನೆ ಎಂಬುದನ್ನು ಆ ಜಾಣ ಯಂತ್ರ ತಮಗೆ ತಿಳಿಸಲಿಲ್ಲವೇ? ಅಥವಾ ತಿಳಿಸಿಯೂ, ಮನುಷ್ಯ ಇರಬೇಕಾದ ಜಾಗದಲ್ಲೇ ಇದ್ದಾನೆಂದು ಸಮಾಧಾನಪಟ್ಟಿರೋ?

ನನ್ನದು ಯಂತ್ರಕ್ಕೆ ನಾಣ್ಯ ಹಾಕಿ ಬಟ್ಟೆ ಒಗೆದು ಒಣಗಿಸಿಕೊಳ್ಳುವ ಅಂಗಡಿ. ನೆನೆದ ಮಲಗುವ ಚೀಲ ಒಣಗಿಸಲು ಬಂದ ಡಡ್ಲಿ, ಸಂಕೋಚದಿಂದಲೇ ಗೋಡೆಯ ಪ್ಲಗ್ ಬಳಸಬಹುದೇ ಎಂದು ಕೇಳಿದ. ಅಂದಿನಿಂದ ದಿನವೂ ಬರುತ್ತಿದ್ದ. ಪ್ಯಾಂಟು ಮೇಲೆತ್ತಿ, ಗೋಡೆಗೆ ಕಾಲು ಚಾಚಿ ಕೂತು, ಚಾರ್ಜ್ ಆಗುವವರೆಗೆ ಗಿರಾಕಿಗಳ ದುಪ್ಪಟಿ ಮಡಚಿಕೊಡುತ್ತಿದ್ದ. “ಫೋನಿಗೆ ಚಾರ್ಜ್ ಹಾಕೋರನ್ನ ನೋಡಿದೀನಿ, ಕಾಲಿಗೆ ಹಾಕೋರನ್ನ ನಿನ್ನ ಅಂಗಡೀಲೇ ನೋಡಿದ್ದು ಕಣೇ,” ಎಂದಳು ನಮ್ಮ ಬೀದಿಯ ಮುದುಕಿ ಎಡ್ನಾ. ಹಾಗೆಂದವಳೇ ತಾನು ತಿನ್ನುತ್ತಿದ್ದ ಪೇಸ್ಟಿ ಎಂಬ ಮಾಂಸದ ಕಡುಬಿನಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಳು. ನಮ್ಮ ಬೀದಿಯವರು ಇಷ್ಟು ಮಾಡಿದೆವು. ತಮ್ಮ ಇಲಾಖೆ ಏನು ಮಾಡಿತು?

ಕ್ರಿಸ್ಮಸ್ ಬಂತು. ಆ ದಿನ ಈ ದೇಶ ಹೇಗಿರುತ್ತದೆಂದು ತಮಗೆ ಗೊತ್ತೇ ಇದೆ. ರೈಲಿಲ್ಲ, ಬಸ್ಸಿಲ್ಲ, ಗ್ರಂಥಾಲಯ, ಕೆಫೆ ಎಲ್ಲಕ್ಕೂ ಬೀಗ. ಅದಕ್ಕೇ ನಾನು ಹಿಂದಿನ ದಿನವೇ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೆ. ಹೊರಡುವ ಮುನ್ನ ಅಂಗಡಿಯ ಬೀಗದ ಕೈ ಕೊಡಲು ಹೋದರೆ ಡಡ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಬೇಡ ವಿನ್ನಿ. ನನ್ನ ಜೇಬಲ್ಲಿ ಬೇರೆಯವ್ರ ಅಂಗಡಿ ಕೀ ಸಿಕ್ರೆ, ನೀನೇ ಕೊಟ್ಟಿದ್ದು ಅಂತ ಯಾವ ಪೊಲೀಸ್ನೋನು ನಂಬ್ತಾನೆ?”

ಮತ್ತೆ ತಪ್ಪಿತಸ್ಥನೆನಿಸಿಕೊಳ್ಳಲು ಅಷ್ಟು ಹೆದರುತ್ತಿದ್ದ ಮನುಷ್ಯ. ಕ್ರಿಸ್ಮಸ್ ದಿನ ಚರ್ಚಿನಲ್ಲಿ ಪ್ಲಗ್ ಕೇಳಿದನಂತೆ. ಪ್ರಾರ್ಥನೆ ಮುಗಿದಿತ್ತು, ಬಾಗಿಲು ಹಾಕುವವರಿಗೆ ಊಟಕ್ಕೆ ಹೊತ್ತಾಗಿತ್ತು. ಬ್ಯಾಟರಿ ಸತ್ತಿತು. ಮರುದಿನ ಪೊಲೀಸರು ಡೇರೆಯ ಬಳಿಗೇ ಬಂದರು. ಅನುದಾನಕ್ಕೆ ಕೊರತೆ ಇರಬಹುದು, ಹಬ್ಬದ ದಿನಗಳಲ್ಲಿ ಮನುಷ್ಯನನ್ನು ಹಿಡಿದು ತರಲು ವ್ಯಾನಿಗೆ ಕೊರತೆಯಿಲ್ಲ.

ಕಳೆದ ವಾರ ಜೈಲಿಗೆ ಹೋಗಿ ಅವನನ್ನು ನೋಡಿಬಂದೆ. ಬರುವ ಗುರುವಾರ ಮತ್ತೆ ಬಿಡುಗಡೆ, ಮತ್ತೆ ಡೇರೆ. ಗೇಟಿಗೆ ಬರುತ್ತೇನೆ ಎಂದೆ. ಬೇಡವೆಂದ.

“ಗುರುವಾರ ಸಾಯಂಕಾಲದೊಳಗೆ ಏನಾದ್ರೂ ಕದ್ಬಿಡ್ತೀನಿ. ತಡ ಮಾಡಿದ್ರೆ ಜೈಲಲ್ಲಿರೋ ನನ್ನ ಮಂಚ ಬೇರೆಯವ್ರಿಗೆ ಕೊಟ್ಬಿಡ್ತಾರೆ. ನಿನ್ನ ಅಂಗಡೀಲಿ ಕದಿಯಲ್ಲ, ಹೆದರ್ಬೇಡ.”

ತಮಾಷೆಗೆ ಹೇಳಿದನೇ ಎಂದು ಅವನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮರುಪರಿಶೀಲನೆಯನ್ನು ನಿಧಾನವಾಗಿ ಮಾಡಿಕೊಳ್ಳಿ, ಬಂದರು ಬೀದಿಯ ಬಾಗಿಲನ್ನು ಬುಧವಾರದೊಳಗೆ ತೆರೆಯಿರಿ. ಆಗದಿದ್ದರೆ ಗುರುವಾರ ಬೆಳಿಗ್ಗೆ ತಾವೇ ಗೇಟಿಗೆ ಬಂದು, ಸಂಜೆಯೊಳಗೆ ಯಾರ ಮನೆಗೆ ನುಗ್ಗಬೇಕೆಂದು ಅವನಿಗೆ ಹೇಳಿ. ಆ ಮನೆಯವರಿಗೂ ಒಂದು ಮಾತು ತಿಳಿಸಿಬಿಡಿ.

ಇಂತಿ,
ಬೇಡವೆಂದರೂ ಗುರುವಾರ ಗೇಟಿನ ಬಳಿ ನಿಂತಿರುವ,
ವಿನಿಫ್ರೆಡ್ ಕೌಲಿಂಗ್