ಮಹಾರಾಜರಿಗೆ ಉಸಿರುಕಟ್ಟಿದೆ

ಕೆರೂರ ಬಸ್ ನಿಲ್ದಾಣ
೧೪–೮–೨೦೨೫

ಇಳಕಲ್ಲಿನ ಸಮಸ್ತ ಗ್ರಾನೈಟ್ ಚಪ್ಪಡಿಗಳ ಅಧಿಪತಿ, ಪಾಲಿಶ್ ಮಶೀನ್ ಮಹಾರಾಜರ ಮಹಾಮಂತ್ರಿ, ಗೆಳೆಯ ಕಲ್ಲೇಶನ ಸನ್ನಿಧಾನಕ್ಕೆ,

ಸರ್ವಿಸ್ ಇಂಜಿನಿಯರ್ ಹಣಮೇಶನ ಸಾಷ್ಟಾಂಗ. ನೀನು ಬಾಗಲಕೋಟೆಯ ದವಾಖಾನೆ ಸೇರಿ ಹನ್ನೊಂದು ದಿನವಾಯಿತು. ಬಾಗಿಲವರೆಗೆ ಎರಡು ಸಲ ಬಂದು ತಿರುಗಿ ಹೋದೆ. ಬಸ್ಸು ಸಿಗಲಿಲ್ಲವೆಂದು ಬರೆಯಬಹುದಿತ್ತು. ಆದರೆ ಬಸ್ಸುಗಳು ಪಾಪ ಏನು ಮಾಡಿದ್ದವು?

ಮೊದಲು ಆಸ್ಥಾನದ ಸುದ್ದಿ. ಮಹಾರಾಜರು ಆರೋಗ್ಯವಾಗಿದ್ದಾರೆ. ಗಾಳಿಯ ಕೊಳವೆ ಸೀಳಿತ್ತು, ಬದಲಿಸಿದೆ. ಗಾಳಿ ಇಳಿದರೆ ಕಲ್ಲು ಉಜ್ಜುವ ಭಾರದ ಪಾಲಿಶ್ ತಲೆ ಕೆಳಗೆ ಬೀಳುವುದು ಮಶೀನಿನ ಧರ್ಮ. ಅದಕ್ಕೆ ಮೊದಲು ಪರದೆಯ ಮೇಲೆ ಎಚ್ಚರಿಕೆ ಬರುವಂತೆ ಮಾಡುವುದು ನನ್ನ ಧರ್ಮ. ಮಶೀನು ತನ್ನ ಧರ್ಮ ಬಿಡಲಿಲ್ಲ.

ಮ್ಯಾನೇಜರ್ ಮಧುಸೂದನರು ಚಹಾ ಕುಡಿಸಿದರು.

"ರಿಪೋರ್ಟಿನ್ಯಾಗ ಒಂದ ಸಾಲು ಬರಿ ಹಣಮೇಶ. ಎಚ್ಚರಿಕಿ ಬಂದಿತ್ತು, ಕಲ್ಲೇಶ ಲಕ್ಷ್ಯ ಕೊಡಲಿಲ್ಲ ಅಂತ. ಪರದಿ ನೋಡ್ಲಿಲ್ಲ ಅಂತ ಅವನೂ ಹೇಳ್ಯಾನ."

"ಹಂಗ ಬರದ್ರ ಅವನ ನೌಕರಿರಿ?"

"ತಪ್ಪ ಅವಂದ ಆದಮ್ಯಾಲ ನಾವೇನ್ ಮಾಡೂನು?"

ಸುಳ್ಳು ಹೇಳುವ ವಿದ್ಯೆ ನಿನಗೆ ಎಂದೂ ಒಲಿದಿರಲಿಲ್ಲ. ಈಗ ಒಲಿಯಿತು, ಅದೂ ನನಗಾಗಿ.

ಯುಗಾದಿಯ ಹೊತ್ತಿಗೆ ನಾನು 'ಗಾಳಿಯ ಒತ್ತಡ ಕಡಿಮೆ, ದೂರ ಸರಿಯಿರಿ' ಎಂಬ ನೀರಸ ಸಾಲನ್ನು ತೆಗೆದು, 'ಮಹಾರಾಜರಿಗೆ ಉಸಿರುಕಟ್ಟಿದೆ, ಬೀಸಣಿಗೆ ತನ್ನಿ' ಎಂದು ಬರೆದೆನಲ್ಲ. ಆಮೇಲೆ ಬಂದಾಗಲೆಲ್ಲ ಆಫೀಸಿನಲ್ಲಿ ಕುಳಿತು ಲ್ಯಾಪ್‌ಟಾಪಿನಿಂದ ಅದನ್ನು ನಿನ್ನ ಪರದೆಗೆ ಬಿಡುವುದು ನನ್ನ ಆಗಮನದ ಕಹಳೆಯಾಯಿತು. "ಬಂದ್ಯಾ ಭಾಡ್ಯಾ" ಎಂದು ನೀನು ಅಲ್ಲಿಂದಲೇ ಕೂಗುತ್ತಿದ್ದೆ. ಹಳೆಯ ಸಾಲನ್ನು ತಿರುಗಿ ಹಾಕುವುದು ಮುಂದಿನ ಸಲಕ್ಕೆ, ಅದರ ಮುಂದಿನ ಸಲಕ್ಕೆ ಹೋಯಿತು.

ಅಪಘಾತದ ದಿನ ಬಂದವನು ಕೊಳವೆ ನೋಡುವುದಕ್ಕೂ ಮೊದಲು ಆ ಸಾಲನ್ನು ಅಳಿಸಿದೆ. ಎರಡು ನಿಮಿಷದ ಕೆಲಸ. ಯಾರೂ ನೋಡಲಿಲ್ಲ.

ನಿನ್ನೆ ಅದೆಲ್ಲವನ್ನೂ ರಿಪೋರ್ಟಿನಲ್ಲಿ ಬರೆದೆ. ಯಾವ ಸಾಲಿತ್ತು, ಯಾರು ಬರೆದದ್ದು, ಯಾರು ಅಳಿಸಿದ್ದು. ಆಪರೇಟರನ ತಪ್ಪು: ಇಲ್ಲ. ಕೆಳಗೆ ನನ್ನ ಸಹಿ. ಮಧುಸೂದನರು ಎರಡು ಸಲ ಓದಿದರು.

"ನಿನ್ನ ಕೆಲಸ ಹೋಗ್ತದಲೋ."

"ಹೋಗ್ಲಿರಿ. ಅವಗ ಸ್ಟೋರಿನ್ಯಾಗರೆ ಒಂದ ಕುರ್ಚಿ ಕೊಡ್ರಿ."

ಅವರು ಹೂಂ ಅನ್ನಲಿಲ್ಲ. ರಿಪೋರ್ಟನ್ನು ಹರಿಯಲೂ ಇಲ್ಲ. ಸೋಮವಾರ ಲ್ಯಾಪ್‌ಟಾಪ್ ತಂದೊಪ್ಪಿಸಲು ನನ್ನ ಕಂಪನಿಯ ಅಪ್ಪಣೆಯಾಗಿದೆ. ಪರದೆಯ ಮೇಲೆ ಈಗ ಹಳೆಯ ನೀರಸ ಸಾಲೇ ಇದೆ.

ನಿನ್ನ ಅವ್ವ ಶಿವಬಸವ್ವಗೆ ನಮಸ್ಕಾರ. ನಿನ್ನ ತಮ್ಮ ಬೀರಪ್ಪ ನಿನಗೆ ಎಡಗೈ ಬರಹವನ್ನು ಬೇಗ ಕಲಿಸಲಿ; ಮೊದಲ ಕಾಗದದಲ್ಲಿ ನನಗೆ ಹೊಟ್ಟೆತುಂಬ ಬಯ್ಯಿ.

ನಿನ್ನ
ಹಣಮೇಶ

ತಾ.ಕ.: ಚಪ್ಪಡಿ ಒರೆಸುವ ಗುಲಾಬಬಿ ಮೊನ್ನೆ ಹೇಳಿದಳು: "ಪರದಿ ನೋಡಿ ನಕ್ಕಾನ್ರಿ. 'ಹಣಮ್ಯಾ ಬಂದಾನ, ಚಹಾಕ್ಕ ಹೇಳ್ರಿ' ಅಂತ ಬಾಗಲ ಕಡೆ ತಿರುಗ್ದ. ಕೈ ಮಶೀನಿನ ತೆಳಗ ಇತ್ತು." ಆ ಹೊತ್ತಿಗೆ ನಾನು ಪಟ್ಟದಕಲ್ಲಿನಲ್ಲಿ ಒಂದು ಪಂಪಿನ ಮುಂದೆ ಕುಳಿತಿದ್ದೆ.