ಕೊನೆಯ ಬೆಂಚಿಗೂ ಹಿಡಿಸದವಳ ಅಹವಾಲು

ಜ್ಞಾನದ ಹೆಬ್ಬಾಗಿಲಿಗೆ ಬೀಗವೂ ತಾವೇ ಆಗಿ, ಬೀಗದ ಕೈಯೂ ತಾವೇ ಆಗಿ ವಿರಾಜಮಾನರಾಗಿರುವ, ಸಕಲ ಬೆಂಚು, ಬೋರ್ಡು, ಗಂಟೆಗಳ ಒಡೆಯರಾದ ಘನತೆವೆತ್ತ ಶಿಕ್ಷಣಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಹದಿನಾರು ತುಂಬಿದ ಹುಡುಗಿಯೊಬ್ಬಳು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ,

ಮಾನ್ಯರೇ, ಕಳೆದ ವಾರ ತಾವು ನನ್ನನ್ನು ಐದನೇ ತರಗತಿಯಿಂದ ಹೊರಗೆ ಹಾಕಿಸಿದಿರಿ. ವಯಸ್ಸು ಮೀರಿದೆ ಎಂದಿರಿ. ಸಾಲದ್ದಕ್ಕೆ 'ಶಿಕ್ಷಕಿಯ ಸೋಗು ಹಾಕಿದ್ದಾಳೆ' ಎಂದಿರಿ. ಸಂಜೆ ನಡೆಯುವ ವಯಸ್ಕರ ತರಗತಿಗೆ ಹೋಗೆಂದು ಅಪ್ಪಣೆಯಾಯಿತು. ಹೋದೆ. ಅಲ್ಲಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಿನ್ನೂ ಚಿಕ್ಕವಳಮ್ಮಾ, ಸ್ಕೂಲಿಗೆ ಹೋಗು" ಎಂದು ಬಾಗಿಲು ತೋರಿಸಿದರು. ಬೆಳಿಗ್ಗೆ ದೊಡ್ಡವಳು, ಸಂಜೆ ಚಿಕ್ಕವಳು. ಮಧ್ಯಾಹ್ನದ ಹೊತ್ತಿಗೆ ಸರಿಯಾದ ಅಳತೆಗೆ ಬರುತ್ತೇನೇನೋ! ಆ ಹೊತ್ತಿಗೆ ಬಾಗಿಲು ತೆರೆಯುವ ಶಾಲೆ ಯಾವುದಾದರೂ ತಮ್ಮ ಗಮನದಲ್ಲಿದೆಯೇ?

ನಾನೇನು ಶಾಲೆಯ ಮೇಲೆ ಮುನಿಸಿಕೊಂಡು ಹೋದವಳಲ್ಲ. ನನ್ನ ತಮ್ಮ ಕೂಸಾಗಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅವನನ್ನು ಸೊಂಟದ ಮೇಲೆ ಹೊತ್ತು ಹೊತ್ತು ಇವತ್ತಿಗೂ ನಾನು ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತೇನೆ. ಅವನು ಶಾಲೆಗೆ ಸೇರಿದ ಮೇಲೆ ನಾನು ಅರ್ಜಿ ಟೈಪು ಮಾಡುವ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರದ ಮುಂದೆ ನಿಂತೆ. ಜನ ಬಂದು ಅಳುತ್ತಿದ್ದರು. ಅಂಗಡಿಯ ಮಾಮ ಆ ಅಳುವನ್ನೆಲ್ಲ 'ಘನತೆವೆತ್ತ', 'ಸವಿನಯ' ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಟೈಪು ಮಾಡುತ್ತಿದ್ದರು. ಈ ಪತ್ರದ ಗಾಂಭೀರ್ಯವೆಲ್ಲ ಅಲ್ಲಿ ಕಿವಿಗೆ ಬಿದ್ದದ್ದು. ಹಾಳೆ ನೆಟ್ಟಗಿದೆಯೋ ತಲೆಕೆಳಗೋ ಎಂಬುದನ್ನು ಮೊಹರು ಇರುವ ಜಾಗ ನೋಡಿ ತಿಳಿಯುತ್ತಿದ್ದೆ. ಮೊಹರಿಲ್ಲದ ಕೆಲವರ ಗೋಳು ತಲೆಕೆಳಗಾಗಿಯೇ ಕಚೇರಿ ಸೇರಿತು. ಉತ್ತರ ಬರುವುದರಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ.

ಅಮ್ಮ ಎದ್ದು ಓಡಾಡುವಂತಾದಳು. "ಇನ್ನಾದ್ರೂ ಹೋಗೇ" ಎಂದಳು. ಮುಖ್ಯೋಪಾಧ್ಯಾಯಿನಿ ಕನಿಕರಪಟ್ಟು, ಧೈರ್ಯಕ್ಕಿರಲಿ ಎಂದು ತಮ್ಮನ ತರಗತಿಗೇ ನನ್ನನ್ನು ಸೇರಿಸಿದರು.

ಇನ್ನು ಸೋಗಿನ ವಿಚಾರ. ಮೊದಲ ದಿನ ಒಳಗೆ ಕಾಲಿಟ್ಟೆನೋ ಇಲ್ಲವೋ, ಇಡೀ ತರಗತಿ ಎದ್ದು ನಿಂತು "ನಮಸ್ತೇ ಮಿಸ್" ಎಂದು ರಾಗ ಎಳೆಯಿತು. ಮಾನ್ಯರೇ, ತಮಗಾದರೆ ಇದು ದಿನದ ಮಾತು. ನನಗಾಗಿ ಅದುವರೆಗೆ ಯಾರೂ ಎದ್ದು ನಿಂತಿರಲಿಲ್ಲ. "ಕೂತ್ಕೊಳ್ಳಿ" ಎಂದೆ. ಕೂತರು! ಮೇಜಿನ ಮೇಲಿದ್ದ ಪುಸ್ತಕ ಎತ್ತಿ ಮುಂದಿನ ಬೆಂಚಿನ ಚೋಟುದ್ದದ ಹುಡುಗಿಗೆ ಕೊಟ್ಟೆ.

"ಯಾವ ಪಾಠ ಓದ್ಲಿ ಮಿಸ್?"

"ನಿಂಗಿಷ್ಟ ಬಂದಿದ್ದು ಓದು ಮರಿ."

"ಮಿಸ್, ಇದೇನು ಪದ?"

"ಎಲ್ಲಾ ನಾನೇ ಹೇಳ್ಬೇಕಾ? ನೀನೇ ಹೇಳು ನೋಡೋಣ."

ಅವಳು ಕೂಡಿಸಿ ಕೂಡಿಸಿ ಹೇಳಿಯೇಬಿಟ್ಟಳು. ಅಷ್ಟರಲ್ಲಿ ನಿಜವಾದ ಮಿಸ್ ಬಂದರು, ತಪಾಸಣೆಗೆಂದು ತಾವೂ ಅವರ ಹಿಂದೆಯೇ ಬಂದಿರಿ. ಮಕ್ಕಳು ಬಿದ್ದು ಬಿದ್ದು ನಕ್ಕರು. "ಯಾರಿವಳು? ಇಲ್ಲಿ ಯಾರಿಗಾದ್ರೂ ಗೊತ್ತಾ?" ಎಂದು ತಾವು ಗದರಿಸಿದಿರಿ. ನನ್ನ ಕಣ್ಣು ತಾನಾಗಿ ತಮ್ಮನ ಕಡೆ ಹೋಯಿತು, ಅದನ್ನು ಕಂಡು ಎಲ್ಲರೂ ಅವನ ಕಡೆ ತಿರುಗಿದರು. ಅವನು ಬೆಂಚನ್ನು ಉಗುರಿನಲ್ಲಿ ಕೆರೆಯುತ್ತ, "ಗೊತ್ತಿಲ್ಲ ಸರ್" ಎಂದ.

ಗೊತ್ತಿಲ್ಲವಂತೆ. ನಗುವ ತರಗತಿಯ ನಡುವೆ ಹತ್ತು ವರ್ಷದ ಹುಡುಗ ಇನ್ನೇನು ಹೇಳಬೇಕಿತ್ತು? ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಾವು "ನೋಡಿದ್ರಾ?" ಎಂದು ಮಿಸ್ ಕಡೆ ತಿರುಗಿ ಗೆದ್ದವರಂತೆ ನಕ್ಕಿರಲ್ಲ, ಆ ನಗು ನನ್ನ ಜೊತೆ ಮನೆಯವರೆಗೂ ಬಂತು. ಹೆಗಲಲ್ಲಿದ್ದ ಹೊಸ ಚೀಲದ ಜಿಪ್ಪು ಕೂಡ ಅವತ್ತು ತೆರೆಯಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ನನ್ನನ್ನು ಮರಳಿ ಆ ತರಗತಿಗೆ ಸೇರಿಸಿಕೊಳ್ಳಬೇಕು. ಮೊಣಕಾಲು ಬೆಂಚಿನಡಿ ಹಿಡಿಸದಿದ್ದರೆ ನೆಲದ ಮೇಲೆ ಕೂರುತ್ತೇನೆ. ಯಾರೂ ಎದ್ದು ನಿಲ್ಲಬೇಕಿಲ್ಲ.

ಇಂತಿ,
ಬೆಳಿಗ್ಗೆ ದೊಡ್ಡವಳು, ಸಂಜೆ ಚಿಕ್ಕವಳು

ಮರೆತಿದ್ದೆ. ಇಷ್ಟೆಲ್ಲ ದರ್ಪದಿಂದ ಹೇಳಿದೆನಾದರೂ, ಇದರಲ್ಲಿ ಒಂದಕ್ಷರವೂ ನಾನು ಬರೆದದ್ದಲ್ಲ. ನನಗೆ ಬರೆಯಲು ಬರುವುದಿಲ್ಲ, ಓದಲೂ ಬರುವುದಿಲ್ಲ. ನಾನು ಹೇಳುತ್ತಿದ್ದೇನೆ, ತಮ್ಮ ಬರೆಯುತ್ತಿದ್ದಾನೆ. "ಅಕ್ಕಾ, ನಂದು ತಪ್ಪಾಯ್ತು ಅಂತಾನೂ ಬರೀಲಾ?" ಎಂದು ಈಗಷ್ಟೇ ಕೇಳಿದ. ಬೇಡ ಕಣೋ ಎಂದೆ. ಆದರೂ ಬಗ್ಗಿಕೊಂಡು ಏನೋ ಬರೆಯುತ್ತಲೇ ಇದ್ದಾನೆ. ಏನೆಂದು ತಾವೇ ಓದಿ ನೋಡಬೇಕು.